ಎರಡು ಆಸ್ಪತ್ರೆ, ಒಂದೇ ಕೆಂಪು ಮದ್ದು

ನಾನು ಮಂಡ್ಯ ತಾಲ್ಲೂಕಿನ ಒಂದು ಊರಿನಲ್ಲಿ ಹಾಲಿನ ಡೇರಿ ಕಾರ್ಯದರ್ಶಿ. ಬೆಳಿಗ್ಗೆ ಆರಕ್ಕೆ ಬೀಗ ತೆಗೆದು, ಕ್ಯಾನು ಹಿಡಿದು ಬಂದವರ ಹಾಲು ಅಳೆದು, ಫ್ಯಾಟು ನೋಡಿ, ಚೀಟಿ ಕೊಡುವುದು ನನ್ನ ಕೆಲಸ. ಚೀಟಿ ಒಂದು ದಿನ ತಪ್ಪಿದರೆ ಮುಗಿಯಿತು. "ಏನವ್ವಾ, ನಮ್ ಹಾಲು ಎಷ್ಟು ಬಂತು ಅಂತ ನಮ್ಗೇ ಹೇಳಕಿಲ್ವಾ?" ಅಂತ ಬಾಗಿಲಲ್ಲೇ ಜಗಳ. ಹದಿನೆಂಟು ವರ್ಷದಿಂದ ಈ ಮಾತು ಕೇಳಿ ಗೊಣಗಿಕೊಂಡಿದ್ದೇನೆ. ಹೋದ ವರ್ಷ ನಾನೇ ಕೌಂಟರಿನ ಆಚೆ ಕಡೆ ನಿಂತೆ.

ಎಡಗಡೆ ಎದೆಯಲ್ಲಿ ಗಡ್ಡೆ ಸಿಕ್ಕಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಅಲ್ಲಿಂದ ಇವತ್ತಿನವರೆಗೆ ಮೈಸೂರಿನ ಎರಡು ಆಸ್ಪತ್ರೆ ಕಂಡಿದ್ದೇನೆ. ಮೊದಲ ಎರಡು ಕಿಮೋ ಒಂದು ಕಡೆ, ಆಮೇಲಿನದೆಲ್ಲ ಇನ್ನೊಂದು ಕಡೆ. ಹೆಸರು ಬರೆಯುವುದಿಲ್ಲ. ನಮ್ಮ ಯಜಮಾನರು ಒಂದನ್ನು ಗಾಜಿನಾಸ್ಪತ್ರೆ, ಇನ್ನೊಂದನ್ನು ಹಳೇ ಆಸ್ಪತ್ರೆ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಸುತ್ತಮುತ್ತಲ ಊರಲ್ಲಿ ಯಾರಿಗೆ ಈ ಕಾಯಿಲೆ ಬಂದರೂ "ಯಾವುದು ವಾಸಿ?" ಅಂತ ಈಗ ನನ್ನ ಹತ್ತಿರ ಬರುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಗಂಟಲು ಬಿದ್ದುಹೋಗಿದೆ.

ಮದ್ದಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಅದರಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ. ಡಾಕ್ಸೋರುಬಿಸಿನ್ ಅನ್ನುವ ಕೆಂಪು ಮದ್ದು, ಅದರ ಜೊತೆಗೆ ಸೈಕ್ಲೋಫಾಸ್ಫಮೈಡ್, 21 ದಿನಕ್ಕೊಮ್ಮೆ ನಾಲ್ಕು ಸಲ. ಅದಾದ ಮೇಲೆ ವಾರಕ್ಕೊಂದರಂತೆ ಹನ್ನೆರಡು ವಾರ ಪ್ಯಾಕ್ಲಿಟ್ಯಾಕ್ಸೆಲ್. ಆಮೇಲೆ ಆಪರೇಷನ್. ನಡುವೆ ಆಸ್ಪತ್ರೆ ಬದಲಾಯಿಸಿದಾಗ ಹೊಸ ಡಾಕ್ಟರು ಹಳೇ ಫೈಲು ನೋಡಿ, "ಇದೇ ಸರಿ, ಇದನ್ನೇ ಮುಂದುವರಿಸೋಣ" ಅಂದರು. ಒಂದು ಗೆರೆಯೂ ತಿದ್ದಲಿಲ್ಲ. ದುಡ್ಡಿನಲ್ಲೂ ಹೆಚ್ಚುಕಮ್ಮಿ ಇಲ್ಲ. ಎರಡೂ ಕಡೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ನಡೆಯುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸರ್ಕಾರ ಕೊಡುತ್ತದೆ. ಎಪಿಎಲ್ ಆದರೆ ಪ್ಯಾಕೇಜಿನ ನೂರಕ್ಕೆ 30 ಭಾಗ, ಅದೂ ಒಂದೂವರೆ ಲಕ್ಷದವರೆಗೆ. ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬರೆಸಿಕೊಂಡು ಹೋಗಿ. ಆ ಚೀಟಿ ಇಲ್ಲದೆ ಹೋಗಿ ಬರಿಗೈಲಿ ವಾಪಸ್ ಬಂದವರನ್ನು ನೋಡಿದ್ದೇನೆ.

ನೋಟಕ್ಕೆ ಗಾಜಿನಾಸ್ಪತ್ರೆಯೇ ಮೇಲು, ಅನುಮಾನವೇ ಬೇಡ. ಏಸಿ, ಲಿಫ್ಟು, ಹಿಂದಕ್ಕೆ ಬಾಗುವ ಕಿಮೋ ಕುರ್ಚಿ, ರಾತ್ರಿಯೆಲ್ಲ ತೆರೆದಿರುವ ಮೆಡಿಕಲ್ಸು, ಕಾಯಿಲೆ ಮೈಯಲ್ಲಿ ಎಲ್ಲೆಲ್ಲಿ ಹರಡಿದೆ ಅಂತ ನೋಡುವ ಪೆಟ್ ಸ್ಕ್ಯಾನು ಕೂಡ ಒಳಗೇ. ಶೌಚಾಲಯ ನಮ್ಮನೆ ಅಡುಗೆಮನೆಗಿಂತ ಚೊಕ್ಕಟ. ಹಳೇ ಆಸ್ಪತ್ರೆಯಲ್ಲಿ ಎರಡು ಮಂಚಕ್ಕೆ ಒಂದು ಫ್ಯಾನು. ಹೆಂಗಸರ ಶೌಚಾಲಯಕ್ಕೆ ಚಿಲಕ ಇಲ್ಲ. ಜೊತೆಯಲ್ಲಿ ಬಂದವರು ಬಾಗಿಲು ಹಿಡಿದು ನಿಲ್ಲಬೇಕು. ವಾಂತಿ ನಿಲ್ಲುವ ಮಾತ್ರೆ ಅಲ್ಲಿ ಖಾಲಿಯಾಗಿ ನಮ್ಮ ಯಜಮಾನರು ಬಿಸಿಲಲ್ಲಿ ಎರಡು ಬೀದಿ ಸುತ್ತಿ ತಂದಿದ್ದಾರೆ. ಇಷ್ಟಿದ್ದೂ ನಾನು ಗಾಜಿನದನ್ನು ಬಿಟ್ಟು ಹಳೇದಕ್ಕೆ ಹೋದೆ. ತಲೆ ಕೆಟ್ಟಿದೆ ಅಂದವರೂ ಇದ್ದಾರೆ.

ಪಾಯಸದ ಕತೆ ಹೇಳುತ್ತೇನೆ, ಕೇಳಿ.

ಬಯಾಪ್ಸಿ ಆದ ಮೇಲೆ ಐಎಚ್‌ಸಿ ಅಂತ ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಗಡ್ಡೆಯ ಕಣಗಳಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟೆರಾನ್ ಅನ್ನುವ ಎರಡು ಹಾರ್ಮೋನು ಹಿಡಿಯುವ ಗುರುತು, ಹರ್-2 ಅನ್ನುವ ಪ್ರೊಟೀನು, ಈ ಮೂರು ಇವೆಯಾ ಅಂತ ನೋಡುವುದು. ಯಾವ ಮದ್ದು ಹಿಡಿಯುತ್ತದೆ ಅನ್ನುವುದು ಇದರ ಮೇಲೆ. ಗಾಜಿನಾಸ್ಪತ್ರೆಗೆ ದಿನಾ ಫೋನ್ ಮಾಡಿದೆ. ಕನ್ನಡಕ್ಕೆ ಒಂದು ಒತ್ತಿ, ಆಮೇಲೆ ಸಂಗೀತ, ಆಮೇಲೆ ಲ್ಯಾಬಿಗೆ ಕೊಡ್ತೀನಿ ಅಂತ ಮತ್ತೆ ಸಂಗೀತ. ಕೊನೆಗೊಂದು ದಿನ ವಾಟ್ಸಾಪಿಗೆ ಪಿಡಿಎಫ್ ಬಂತು. ಕೆಳಗೆ ಒಂದು ಮಾತಿಲ್ಲ, ಕತೆಯಿಲ್ಲ. ಮಗಳು ಓದಿದಳು: ನೆಗೆಟಿವ್, ನೆಗೆಟಿವ್, ನೆಗೆಟಿವ್.

ಕೊರೊನಾ ಕಾಲದಲ್ಲಿ ನಾವೆಲ್ಲ ಕಲಿತ ಪದ ಅದು. ನೆಗೆಟಿವ್ ಅಂದರೆ ಏನಿಲ್ಲ ಅಂತ. ಮೂರು ಸಲ ಏನಿಲ್ಲ! ನಮ್ಮತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ನಾನೇ ಒಲೆ ಮುಂದೆ ನಿಂತು ಶಾವಿಗೆ ಪಾಯಸ ಮಾಡಿದೆ. ಪಕ್ಕದ ಮನೆಗೂ ಒಂದು ಲೋಟ ಹೋಯಿತು. ಆರು ದಿನ ನಾವು ಹಾಗೇ ಇದ್ದೆವು. ಆರನೇ ದಿನ ಡಾಕ್ಟರು ಸಿಕ್ಕರು. ಕಂಪ್ಯೂಟರಿನಿಂದ ಕಣ್ಣು ಎತ್ತದೆ, "ಟ್ರಿಪಲ್ ನೆಗೆಟಿವ್, ಕಿಮೋ ಶುರು ಮಾಡಬೇಕು" ಅಂದರು. ಹಾಗಾದರೆ ಕಾಯಿಲೆ ಇಲ್ಲ ಅಂತಲ್ವಾ ಸಾರ್ ಅಂತ ಯಜಮಾನರು ಕೇಳಿದ್ದಕ್ಕೆ, ಹೊರಗಡೆ ಕೌನ್ಸೆಲರ್ ಹೇಳ್ತಾರೆ ಅಂದರು. ಕೌನ್ಸೆಲರ್ ಅವತ್ತು ರಜೆ.

ಅದರ ಅರ್ಥ ನನಗೆ ಹೇಳಿದವರು ಹಳೇ ಆಸ್ಪತ್ರೆಯ ಡಾಕ್ಟರು, ಎರಡು ತಿಂಗಳ ಮೇಲೆ. ಚೀಟಿಯ ಹಿಂದೆ ಮೂರು ಸೊನ್ನೆ ಬರೆದು, ಮೂರಕ್ಕೂ ಅಡ್ಡ ಗೀಟು ಹಾಕಿದರು. "ಈ ಮೂರೂ ನಿಮ್ಮ ಗಡ್ಡೇಲಿ ಇಲ್ಲಮ್ಮ. ಹಾರ್ಮೋನ್ ಮಾತ್ರೆ ಹಿಡಿಯಲ್ಲ, ಹರ್-2 ಇಂಜೆಕ್ಷನ್ನೂ ಹಿಡಿಯಲ್ಲ. ಅದಕ್ಕೇ ಕಿಮೋ ಮುಖ್ಯ." ಐದು ನಿಮಿಷ ಆಗಿರಬಹುದು. ಆ ಚೀಟಿ ಈಗಲೂ ಡೇರಿಯ ಮೇಜಿನ ಗಾಜಿನ ಕೆಳಗಿದೆ.

ಪೆಟ್ ಸ್ಕ್ಯಾನಿನದು ಇನ್ನೊಂದು. ಆರು ಗಂಟೆ ಉಪವಾಸ ಇದ್ದು ಬನ್ನಿ, ಎಂಟಕ್ಕೆ ಇರಿ ಅಂದರು. ನಾನು ಹಿಂದಿನ ರಾತ್ರಿಯಿಂದ ಏನೂ ಮುಟ್ಟದೆ ಮೊದಲ ಬಸ್ಸಿಗೇ ಹೋದೆ. ಒಂಬತ್ತಾಯಿತು, ಹನ್ನೊಂದಾಯಿತು. ಕೇಳಿದರೆ "ಕೂತ್ಕೊಳಿ ಮೇಡಂ, ಕರೀತೀವಿ." ಕರೆದದ್ದು ಮಧ್ಯಾಹ್ನ ಒಂದೂವರೆಗೆ. ಆ ಸ್ಕ್ಯಾನಿಗೆ ಹಾಕುವ ಮದ್ದು 110 ನಿಮಿಷಕ್ಕೆ ಅರ್ಧಕ್ಕರ್ಧ ಇಳಿದುಹೋಗುವಂಥದ್ದು, ತಂದು ಇಟ್ಟುಕೊಳ್ಳಲಾಗುವುದಿಲ್ಲ, ಅವತ್ತಿನದು ಅವತ್ತೇ ಬರಬೇಕು, ಗಾಡಿ ತಡವಾಗಿತ್ತು ಅಂತ ಆಮೇಲೆ ವಾರ್ಡ್ ಬಾಯ್ ಹೇಳಿದ. ಇದನ್ನು ಒಂಬತ್ತು ಗಂಟೆಗೇ ಹೇಳಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ಹಾಲಿನ ಟ್ಯಾಂಕರ್ ಕಾದು ಕಾದು ಅಭ್ಯಾಸ ಇರುವವಳು ನಾನು. ತಡವಾದ ಗಾಡಿಯ ಕಷ್ಟ ನನಗೆ ಹೇಳಿಕೊಡಬೇಕಾ?

ಆಯುಷ್ಮಾನ್ ಅಪ್ರೂವಲ್ ಕೂಡ ಹಾಗೇ. ಎರಡನೇ ಕಿಮೋಗೆ ಸೋಮವಾರ ಹೋದೆವು, ಬಂದಿಲ್ಲ ಅಂದರು. ಮಂಗಳವಾರ ಹೋದೆವು, ಬಂದಿಲ್ಲ. ಮಂಡ್ಯದಿಂದ ಮೈಸೂರು ನಲವತ್ತೈದು ಕಿಲೋಮೀಟರು. ಶಕ್ತಿ ಯೋಜನೆಯಿಂದ ನನಗೆ ಬಸ್ಸು ಫ್ರೀ, ಜೊತೆಗೆ ಬರುವ ಯಜಮಾನರಿಗೆ ಟಿಕೆಟ್ಟು, ಅವರ ಕೂಲಿಯೂ ಹೋಯಿತು. ಬುಧವಾರ ಕೌಂಟರಿನಲ್ಲಿ ಬೇರೆ ಹುಡುಗ ಕೂತಿದ್ದ. "ಅಮ್ಮಾ, ಇದು ಸೋಮವಾರ ಮಧ್ಯಾಹ್ನವೇ ಆಗಿದೆಯಲ್ಲ" ಅಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ಮೊದಲನೆಯವನ ಮೇಲೂ ಇಲ್ಲ. ಬಂದರೆ ರೋಗಿಗೆ ತಿಳಿಸುವುದು ನಿನ್ನ ಕೆಲಸ ಅಂತ ಅಲ್ಲಿ ಯಾರಿಗೂ ವಹಿಸಿಯೇ ಇಲ್ಲ, ಅಷ್ಟೆ. ಹಳೇ ಆಸ್ಪತ್ರೆಯಲ್ಲಿ ಅಪ್ರೂವಲ್ ಬೇಗ ಬರುತ್ತದೆ ಅಂತ ಅಂದುಕೊಳ್ಳಬೇಡಿ. ಅಲ್ಲೂ ಅಷ್ಟೇ ತಡ. ಬಂದ ಮೇಲೆ ಫೋನ್ ಮಾಡುತ್ತಾರೆ, ಬರುವ ತನಕ ನಾವು ಮನೆಯಲ್ಲೇ ಇರುತ್ತೇವೆ.

ಕೆಂಪು ಮದ್ದು ಹಾಕಿಸಿಕೊಂಡ ಮೊದಲ ರಾತ್ರಿ ಮೂತ್ರ ಕೆಂಪಗೆ ಹೋಯಿತು. ರಕ್ತ ಅಂದುಕೊಂಡೆ. ಬಚ್ಚಲಲ್ಲೇ ಕೂತು ಅತ್ತೆ. ಯಜಮಾನರು ಆಟೋ ಕರೆಯಲು ಚಪ್ಪಲಿ ಹಾಕಿಕೊಂಡಿದ್ದರು, ಅಷ್ಟರಲ್ಲಿ ನರ್ಸಿಂಗ್ ಓದುವ ಪಕ್ಕದ ಮನೆ ಹುಡುಗಿ, "ಮದ್ದಿನ ಬಣ್ಣ ಕಣತ್ತೆ, ಒಂದೆರಡು ದಿನ ಹಂಗೇ" ಅಂದಳು. ಮೂರನೇ ಸಲ ಹಳೇ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮೊದಲೇ ಸಿಸ್ಟರ್, "ಅಕ್ಕಾ, ಕೆಂಪಾಗಿ ಹೋಗುತ್ತೆ, ಹೆದರ್ಕೋಬೇಡಿ" ಅಂದರು. ಗೊತ್ತು ಅಂದೆ. ಹೇಗೆ ಗೊತ್ತಾಯಿತು ಅಂತ ಹೇಳಲಿಲ್ಲ.

ಬದಲಾಯಿಸುವ ತೀರ್ಮಾನ ಆದದ್ದು ಎರಡನೇ ಕಿಮೋ ಆಗಿ ಹನ್ನೊಂದನೇ ದಿನ. ರಾತ್ರಿ ಹತ್ತಕ್ಕೆ ಚಳಿ ಬಂತು, ಜ್ವರ 101. ಗಾಜಿನಾಸ್ಪತ್ರೆಗೆ ಫೋನ್ ಮಾಡಿದರೆ ಜ್ವರದ ಮಾತ್ರೆ ತಗೊಂಡು ನಾಳೆ ಓಪಿಡಿಗೆ ಬನ್ನಿ ಅಂತ ಉತ್ತರ. ಯಜಮಾನರು ಒಪ್ಪಲಿಲ್ಲ. ಮಂಡ್ಯದ ಸರ್ಕಾರಿ ಆಸ್ಪತ್ರೆಯ ಕ್ಯಾಶುಯಲ್ಟಿಗೆ ಕರೆದುಕೊಂಡು ಹೋದರು. ಡ್ಯೂಟಿಯಲ್ಲಿದ್ದದ್ದು ನನ್ನ ಮಗಳ ವಯಸ್ಸಿನ ಡಾಕ್ಟರಮ್ಮ. ಫೈಲಿನಲ್ಲಿ ಕಿಮೋ ಅಂತ ನೋಡಿದ್ದೇ ತಡ, ರಕ್ತ ತೆಗೆದು ಆಂಟಿಬಯಾಟಿಕ್ ಹಾಕಿಬಿಟ್ಟರು. "ಕಿಮೋ ನಡೀತಿರೋರಿಗೆ 100.4 ಮುಟ್ಟಿದ್ರೆ ಎಮರ್ಜೆನ್ಸಿ. ನಿಮಗೆ ಯಾರೂ ಹೇಳಿಲ್ವಾ?" ಅಂದರು. ಬಿಳಿ ರಕ್ತಕಣ ನೆಲ ಕಚ್ಚಿತ್ತು. ನಾಲ್ಕು ದಿನ ಅಲ್ಲೇ ಮಲಗಿದ್ದೆ. ಆ ವಾರ್ಡಿನ ಗಲಾಟೆ ದೇವರಿಗೇ ಪ್ರೀತಿ. ಆದರೆ ದಿನಾ ಬೆಳಿಗ್ಗೆ ಕೌಂಟು ಎಷ್ಟು ಅಂತ ಹೇಳಿ ಹೋಗುತ್ತಿದ್ದರು. ನಮ್ಮೂರಲ್ಲಿ ಫ್ಯಾಟು ಹೇಳಿದ ಹಾಗೆ.

ಹಳೇ ಆಸ್ಪತ್ರೆಯಲ್ಲಿ ಮೊದಲ ದಿನವೇ ಒಂದು ಕಾರ್ಡು ಕೊಟ್ಟರು. ಹಳದಿ ರಟ್ಟು, ಕನ್ನಡದಲ್ಲಿ ನಾಲ್ಕು ಸಾಲು: ಜ್ವರ 100.4 ಆದರೆ, ಮೂಗು ಬಾಯಲ್ಲಿ ರಕ್ತ ಬಂದರೆ, ನೀರು ಕೂಡ ನಿಲ್ಲದಷ್ಟು ವಾಂತಿಯಾದರೆ, ಉಸಿರು ಕಟ್ಟಿದರೆ ಈ ನಂಬರಿಗೆ ಮಾಡಿ. ಮೊಬೈಲ್ ನಂಬರು ಪೆನ್ನಿನಲ್ಲಿ ಬರೆದದ್ದು. ಇದನ್ನು ಮಾಡಿಸಲು ಎಷ್ಟು ಖರ್ಚಾಗುತ್ತದೆ ಹೇಳಿ. ನಮ್ಮ ಡೇರಿಯ ಪಾಸ್‌ಬುಕ್ಕಿಗೂ ಇದಕ್ಕಿಂತ ಜಾಸ್ತಿ ಬೀಳುತ್ತದೆ.

ಆಸ್ಪತ್ರೆ ಬದಲಾಯಿಸುವವರಿಗೆ ಒಂದು ಮಾತು. ಹೊಸ ಡಾಕ್ಟರು ಬರೀ ರಿಪೋರ್ಟು ಕೇಳುವುದಿಲ್ಲ, ಸ್ಲೈಡು ಮತ್ತು ಬ್ಲಾಕು ಕೇಳುತ್ತಾರೆ. ಸ್ಲೈಡು ಅಂದರೆ ಗಡ್ಡೆಯ ತೆಳು ಪದರ ಅಂಟಿಸಿದ ಗಾಜಿನ ಪಟ್ಟಿ. ಬ್ಲಾಕು ಅಂದರೆ ನಿಮ್ಮ ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿಟ್ಟದ್ದು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಗಾಜಿನಾಸ್ಪತ್ರೆಯಲ್ಲಿ ಅದಕ್ಕಾಗಿ ಲ್ಯಾಬಿನಿಂದ ರೆಕಾರ್ಡ್ ರೂಮಿಗೆ, ಅಲ್ಲಿಂದ ಬಿಲ್ಲಿಂಗಿಗೆ, ಅಲ್ಲಿಂದ ಮತ್ತೆ ಲ್ಯಾಬಿಗೆ ಅಲೆದೆ. ಎಲ್ಲರೂ ಬಾಯಲ್ಲಿ ಹೇಳುವವರೇ. ಆಮೇಲೆ ನನ್ನ ಕಸುಬು ನೆನಪಾಯಿತು. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಅರ್ಜಿ ಬರೆದೆ. ನನ್ನ ಎಲ್ಲಾ ದಾಖಲೆ, ಸ್ಲೈಡು, ಬ್ಲಾಕು ಬೇಕು ಅಂತ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲಿ ರೋಗಿ ಕೇಳಿದರೆ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕು ಅಂತ ಇದೆ, ಅದನ್ನೂ ಒಂದು ಸಾಲು ಸೇರಿಸಿದೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿ ಇನ್‌ವರ್ಡ್ ನಂಬರ್ ಕೊಡಿ ಅಂದೆ. ಕೌಂಟರಿನ ಹುಡುಗಿ ಒಂದು ಸಲ ನನ್ನ ಮುಖ ನೋಡಿ ಒಳಗೆ ಹೋದಳು. ಮಾರನೇ ದಿನ ಪೊಟ್ಟಣ ಸಿದ್ಧವಾಗಿತ್ತು. ನೀವೂ ಹೀಗೇ ಮಾಡಿ. ಕೂಗಾಡಿ ಪ್ರಯೋಜನ ಇಲ್ಲ, ಸೀಲು ಕೇಳಿ.

ನನಗೆ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕಂಡದ್ದು ರಕ್ತ ಪರೀಕ್ಷೆಯಲ್ಲಿ. ಪ್ರತಿ ಕಿಮೋಗೂ ಮೊದಲು ಕೌಂಟು ನೋಡಲೇಬೇಕು. ಗಾಜಿನಾಸ್ಪತ್ರೆಯಲ್ಲಿ ಅಲ್ಲೇ ರಕ್ತ ಕೊಟ್ಟು, ಮಧ್ಯಾಹ್ನದ ತನಕ ಕಾದು, ಕೌಂಟು ಕಮ್ಮಿ ಇದ್ದರೆ ವಾಪಸ್ಸು. ಹಳೇ ಆಸ್ಪತ್ರೆಯವರು, ಹಿಂದಿನ ದಿನ ಮಂಡ್ಯದಲ್ಲೇ ಮಾಡಿಸಿ ಫೋಟೋ ಕಳಿಸಿ ಅಂದರು. ಸಂಜೆ ನಾಲ್ಕರೊಳಗೆ ಸಿಸ್ಟರ್ ಫೋನ್ ಮಾಡಿ "ನಾಳೆ ಬನ್ನಿ" ಇಲ್ಲಾ "ಮುಂದಿನ ವಾರ" ಅನ್ನುತ್ತಾರೆ. ಎರಡು ಸಲ ಬರಬೇಡಿ ಅಂದಿದ್ದಾರೆ. ಎರಡೂ ಸಲ ನಾನು ಮನೆಯಲ್ಲಿ ಮುದ್ದೆ ಉಪ್ಸಾರು ಉಂಡು ಮಲಗಿದೆ.

ಇದರಲ್ಲೂ ಒಂದು ಹುಳುಕಿದೆ. ಒಂದು ವಾರ ಸಿಸ್ಟರ್ ತಂಗಿ ಮದುವೆ ಅಂತ ರಜೆ ಹಾಕಿದ್ದರು. ಫೋನ್ ಬರಲಿಲ್ಲ. ಬನ್ನಿ ಅಂತಲೇ ಇರಬೇಕು ಅಂದುಕೊಂಡು ಹೋದೆ. ಫೋಟೋವನ್ನು ಯಾರೂ ನೋಡಿರಲಿಲ್ಲ. ಕೌಂಟು ಕಮ್ಮಿ, ವಾಪಸ್ಸು. ಅವತ್ತು ಗಾಜಿನಾಸ್ಪತ್ರೆಗೂ ಇದಕ್ಕೂ ಕೂದಲೆಳೆ ವ್ಯತ್ಯಾಸ ಇರಲಿಲ್ಲ. ಅಂದರೆ ಇಷ್ಟು ದಿನ ನಡೆದದ್ದೆಲ್ಲ ಆ ಒಬ್ಬ ಹೆಣ್ಣುಮಗಳ ಒಳ್ಳೇತನದಿಂದ. ಆಕೆ ಕೆಲಸ ಬಿಟ್ಟರೆ ನಾನು ಈ ಬರಹ ತಿದ್ದಬೇಕಾಗುತ್ತದೆ.

ಹಾಗಾಗಿ ಕೇಳಿದವರಿಗೆ ನಾನು ಹೇಳುವುದು ಇಷ್ಟು. ಸ್ಕ್ಯಾನಿಗೆ ಗಾಜಿನದಕ್ಕೆ ಹೋಗಿ, ಮಿಷನ್ನು ಚೆನ್ನಾಗಿದೆ, ಬ್ಯಾಗಿನಲ್ಲಿ ತಿಂಡಿ ಕಟ್ಟಿಕೊಂಡಿರಿ, ಸ್ಕ್ಯಾನ್ ಮುಗಿದ ಕೂಡಲೇ ತಿನ್ನಬಹುದು. ಕಿಮೋಗೆ ಹಳೇದು. ರಾತ್ರಿ ಜ್ವರ ಬಂದರೆ ಎರಡನ್ನೂ ಕಾಯಬೇಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಓಡಿ, "ಕಿಮೋ ನಡೀತಿದೆ" ಅನ್ನುವುದನ್ನು ಮೊದಲ ಮಾತಾಗಿ ಹೇಳಿ. ಆಪರೇಷನ್ ಎಲ್ಲಿ ಅಂತ ನಾನೇ ಇನ್ನೂ ತೀರ್ಮಾನ ಮಾಡಿಲ್ಲ. ಐಸಿಯು ಬೇಕಾದರೆ ಗಾಜಿನದು ಅಂತ ಮಗಳು, ಅಲ್ಲಿಗೆ ಕಾಲಿಡಲ್ಲ ಅಂತ ಯಜಮಾನರು.

ಪ್ಯಾಕ್ಲಿಟ್ಯಾಕ್ಸೆಲ್ ಎಂಟು ಆಗಿದೆ, ನಾಳೆ ಒಂಬತ್ತನೆಯದು. ಬೆರಳ ತುದಿ ಜೋಮು ಹಿಡಿದು ಚೀಟಿ ಬರೆಯುವುದು ಕಷ್ಟ. ಮಗಳು ಸಾಯಂಕಾಲದ ಹಾಲಿಗೆ ಕೂರುತ್ತಾಳೆ. ಇವತ್ತು ಬೆಳಿಗ್ಗೆ ರಕ್ತ ಕೊಟ್ಟು ಹನ್ನೆರಡಕ್ಕೆ ಫೋಟೋ ಕಳಿಸಿದ್ದೇನೆ. ಎರಡು ನೀಲಿ ಗೀಟು ಬಂದಿದೆ. ಈಗ ನಾಲ್ಕು ಗಂಟೆ ಹತ್ತು ನಿಮಿಷ, ಫೋನ್ ಇಲ್ಲ. ನಾಲ್ಕೂಕಾಲಿಗೆ ನಾನೇ ಮಾಡುತ್ತೇನೆ.