ಸೋಲುವ ಟೀಮ್‌ನ ಫ್ಯಾನ್‌ಗಳಿಗೆ ಅಂಧೇರಿಯಲ್ಲಿ ಒಂದು ಶೆಟ್ರ ಬಾರ್

ಅಂಧೇರಿ ಈಸ್ಟ್, ಚಕಾಲಾ ಕಡೆ, ಕೆಳಗೆ ನಾನ್-ಎಸಿ ಮೇಲೆ ಎಸಿ, ಬಾಗಿಲ ಪಕ್ಕ ಪಾನ್ ಅಂಗಡಿ. ಬಾಂಬೆಯಲ್ಲಿ ಇಂಥ ಪರ್ಮಿಟ್ ರೂಮ್ ಗಲ್ಲಿಗೊಂದು ಉಂಟು. ಓನರ್ ಕಾರ್ಕಳ ಕಡೆಯ ಶೆಟ್ರು, "ಹೆಸ್ರು ಹಾಕ್ಬೇಡಿ ಮಾರಾಯ್ರೆ, ರಶ್ ಆದ್ರೆ ಆಮೇಲೆ ನಿಮಗೇ ಟೇಬಲ್ ಸಿಗೂದಿಲ್ಲ" ಅಂತ ಅವರೇ ಹೇಳಿದ್ದಕ್ಕೆ ಹೆಸರು ಹಾಕೂದಿಲ್ಲ, ಆ ಕಡೆ ಓಡಾಡುವವ್ರಿಗೆ ಗೊತ್ತಾಗ್ತದೆ ಬಿಡಿ. ಇಲ್ಲಿಯ ಘೀ ರೋಸ್ಟ್ ಬಗ್ಗೆ ಬರೆದವ್ರು ಬೇಕಾದಷ್ಟು ಜನ ಇದ್ದಾರೆ, ನಾನು ಬರೀತಾ ಇರೋದು ವೇಲ್ಸ್‌ನ ರಗ್ಬಿ ಮ್ಯಾಚ್ ನೋಡ್ಲಿಕ್ಕೆ ಈ ಜಾಗ ಹೇಗುಂಟು ಅಂತ. ಹೌದು, ವೇಲ್ಸ್. ನಗುವವ್ರು ಒಮ್ಮೆ ನಕ್ಕುಬಿಡಿ, ನಾನು ಕಾಯ್ತೇನೆ.

ಕೆಲಸದ ಮೇಲೆ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿದ್ದಾಗ ಹತ್ತಿದ ಹುಚ್ಚು ಇದು. ಅಲ್ಲಿ ಸ್ಟೇಡಿಯಂ ಊರ ನಟ್ಟನಡುವೆ ಉಂಟು, ಕಾರ್ಡಿಫ್ ಸೆಂಟ್ರಲ್‌ನಲ್ಲಿ ಇಳಿದು ಎರಡು ಹೆಜ್ಜೆ ಹಾಕಿದ್ರೆ ಎದುರಿಗೇ, ಹಾಗಾಗಿ ಮ್ಯಾಚ್ ದಿನ ಮನೇಲಿ ಕೂತ್ಕೊಳ್ತೇನೆ ಅಂದ್ರೂ ಊರು ಬಿಡೂದಿಲ್ಲ. ನಾನು ಹೋದ್ದೂ ಒಳ್ಳೆ ಟೈಮಿಗೇ. 2019ರ ಮಾರ್ಚ್‌ನಲ್ಲಿ ಐರ್ಲೆಂಡ್‌ನವ್ರು ಸ್ಟೇಡಿಯಂ ರೂಫ್ ಓಪನ್ ಇಡಿ ಅಂತ ಹಟ ಹಿಡಿದು, ಮಳೆ ಧೋ ಅಂತ ಸುರಿದು, ಆ ಮಳೆಯಲ್ಲೇ ವೇಲ್ಸ್ 25-7ರಲ್ಲಿ ಗೆದ್ದು ಗ್ರ್ಯಾಂಡ್ ಸ್ಲ್ಯಾಮ್ ಹೊಡೆದದ್ದು, ಅಂದ್ರೆ ಯುರೋಪಿನ ಆರು ದೇಶಗಳ ಸಿಕ್ಸ್ ನೇಷನ್ಸ್‌ನಲ್ಲಿ ಎಲ್ಲ ಮ್ಯಾಚೂ ಗೆದ್ದದ್ದು. ಅದೇ ವರ್ಷ ಆಗಸ್ಟ್‌ನಲ್ಲಿ ವರ್ಲ್ಡ್ ರ‍್ಯಾಂಕಿಂಗ್‌ನಲ್ಲಿ ನಂಬರ್ ಒನ್. ಅದನ್ನು ನೋಡಿದವ ಆಮೇಲೆ ಬಿಟ್ಟು ಎಲ್ಲಿ ಹೋಗ್ತಾನೆ ಹೇಳಿ.

ಈಗಿನ ಕಥೆ ಗೊತ್ತಿಲ್ಲದವ್ರಿಗೆ ಸ್ವಲ್ಪದರಲ್ಲಿ ಹೇಳ್ತೇನೆ, ಇಲ್ಲದಿದ್ರೆ ಈ ರಿವ್ಯೂ ಅರ್ಥ ಆಗೂದಿಲ್ಲ. 2023ರ ಅಕ್ಟೋಬರ್‌ನಲ್ಲಿ ವರ್ಲ್ಡ್ ಕಪ್‌ನಲ್ಲಿ ಜಾರ್ಜಿಯಾ ಮೇಲೆ ಗೆದ್ದದ್ದು, ಅದರ ನಂತ್ರ ಕ್ವಾರ್ಟರ್ ಫೈನಲ್‌ನಲ್ಲಿ ಅರ್ಜೆಂಟೀನಾ ಕೈಲಿ ಸೋತು ಮನೆಗೆ ಬಂದ್ರು, ಆಮೇಲೆ ಸೋತದ್ದು ಸೋತದ್ದೇ. ಸಾಲಾಗಿ 18 ಟೆಸ್ಟ್ ಮ್ಯಾಚ್, ರಗ್ಬಿಯಲ್ಲಿ ಅಂದ್ರೆ ದೇಶ-ದೇಶದ ನಡುವಿನ ಮ್ಯಾಚ್. 2025ರ ಜುಲೈಯಲ್ಲಿ ಕೋಬೆಯಲ್ಲಿ ಜಪಾನ್ ಮೇಲೆ 31-22ರಲ್ಲಿ ಗೆಲ್ಲುವವರೆಗೆ ಒಂದೇ ಒಂದು ಗೆಲುವಿಲ್ಲ. ನಡುವೆ ಸಿಕ್ಸ್ ನೇಷನ್ಸ್‌ನಲ್ಲಿ ಎರಡು ವರ್ಷ ಲಾಸ್ಟ್ ಪ್ಲೇಸು, ರೋಮ್‌ನಲ್ಲಿ ಇಟಲಿ ಮೇಲೆ ಸೋತ ಮೇಲೆ ಗ್ಯಾಟ್‌ಲ್ಯಾಂಡ್ ಅರ್ಧದಲ್ಲೇ ಕೋಚ್ ಕೆಲಸ ಬಿಟ್ಟು ಹೋದ್ರು, ಕಡೇ ಮ್ಯಾಚಲ್ಲಿ ಕಾರ್ಡಿಫ್‌ಗೇ ಬಂದು ಇಂಗ್ಲೆಂಡ್‌ನವ್ರು 68-14 ಹೊಡೆದು ಹೋದ್ರು. ಇಂಗ್ಲೆಂಡ್‌ನವ್ರು. ಕಾರ್ಡಿಫ್‌ನಲ್ಲಿ. ವೇಲ್ಸ್‌ನವ್ರಿಗೆ ಬೇರೆ ಯಾರ ಕೈಲಿ ಸೋತ್ರೂ ನಡೀತದೆ, ಇವ್ರ ಕೈಲಿ ಮಾತ್ರ ಆಗೂದಿಲ್ಲ.

ಇಂಥ ಟೀಮ್ ಕಟ್ಟಿಕೊಂಡವ್ರಿಗೆ ಬಾರ್ ಆರಿಸೋದು ಬೇರೆಯವ್ರು ಆರಿಸಿದ ಹಾಗಲ್ಲ. ಗೆಲ್ಲೋ ಟೀಮ್‌ನವ್ರಿಗೆ ದೊಡ್ಡ ಸ್ಕ್ರೀನ್ ಬೇಕು, ಸೌಂಡ್ ಬೇಕು, ಗಲಾಟೆ ಬೇಕು. ನಮಗೆ ಬೇಕಾದದ್ದು ಬೇರೆ. 40 ಪಾಯಿಂಟ್ ಹಿಂದೆ ಬಿದ್ದ ಮೇಲೂ ಚಾನೆಲ್ ಚೇಂಜ್ ಮಾಡ್ಬಾರ್ದು, ಪಕ್ಕದ ಟೇಬಲ್‌ನವ ಬಂದು "ಯಾರು ಲೀಡ್" ಅಂತ ಕೇಳ್ಬಾರ್ದು, ಗ್ಲಾಸ್ ಖಾಲಿ ಆಗಿ ಹತ್ತು ನಿಮಿಷ ಸುಮ್ನೆ ಕೂತ್ರೂ ಬಿಲ್ ತಂದು ಇಡ್ಬಾರ್ದು. ಲೋವರ್ ಪರೇಲ್‌ನಲ್ಲಿ ಒಂದು ದೊಡ್ಡ ಸ್ಪೋರ್ಟ್ಸ್ ಬಾರ್‌ಗೆ ಹೋಗ್ತಿದ್ದೆ ಮೊದ್ಲು, ಅಲ್ಲಿ ಹತ್ತಾರು ಸ್ಕ್ರೀನ್, ರಗ್ಬಿ ಹಾಕಿ ಅಂದ್ರೆ ಟಾಯ್ಲೆಟ್‌ಗೆ ಹೋಗೋ ದಾರಿಯ ಮೇಲಿನ ಒಂದು ಸಣ್ಣ ಟಿವಿಗೆ ಹಾಕ್ತಾರೆ, ಸೌಂಡ್ ಇಲ್ಲ, ಹಾಫ್ ಟೈಮ್ ಆಗೋದೇ ತಡ ಯಾವುದೋ ಸ್ಪ್ಯಾನಿಶ್ ಫುಟ್‌ಬಾಲ್. ಯಾಕೆ ತೆಗೆದ್ರಿ ಅಂದ್ರೆ "ಸರ್, ವೋ ತೋ ಖತಮ್ ಹೈ ನಾ" ಅಂತಾನೆ ಮ್ಯಾನೇಜರ್. ಅವ ಹೇಳಿದ್ದು ಸುಳ್ಳೇನಲ್ಲ, ಆದ್ರೂ.

ಶೆಟ್ರ ಹತ್ರ ಆ ತಾಪತ್ರಯ ಇಲ್ಲ. ಮೇಲಿನ ಎಸಿ ಸೆಕ್ಷನ್‌ನಲ್ಲಿ ಒಂದೇ ಟಿವಿ, ರಿಮೋಟ್ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೆಳಗೆ ಗಲ್ಲಾದಲ್ಲಿ, ಮೂಕಾಂಬಿಕೆ ಫೋಟೋದ ಅಡಿಯಲ್ಲಿ ಇಟ್ಟಿರ್ತಾರೆ, ಶೆಟ್ರನ್ನು ಕೇಳದೆ ಯಾರೂ ಮುಟ್ಟೂದಿಲ್ಲ. ಸಂಜೆ ಮೊದ್ಲು ಫೋನ್ ಮಾಡಿ ಹೇಳಿದ್ರೆ ಆಯ್ತು, "ನಿಮ್ದು ಆ ಕೆಂಪು ಅಂಗಿಯವ್ರ ಮ್ಯಾಚಾ?" ಅಂತ ಕೇಳಿ ಬರ್ಕೊಳ್ತಾರೆ. ಒಮ್ಮೆ ಹಾಕಿದ್ರೆ ಎಂಬತ್ತು ನಿಮಿಷ ಅದೇ. ಭಾರತದ ಕ್ರಿಕೆಟ್ ಇದ್ದ ದಿನ ಮಾತ್ರ ಬೇಡಿ ಅಂತ ಮೊದ್ಲೇ ಹೇಳಿಬಿಡ್ತಾರೆ, ಅದು ನ್ಯಾಯವೇ, ಅದಕ್ಕೆ ನಾನೂ ತಕರಾರು ಮಾಡೂದಿಲ್ಲ.

ಇನ್ನೊಂದು ದೊಡ್ಡ ಪ್ಲಸ್ ಪಾಯಿಂಟ್ ಅಲ್ಲಿಯ ಸರ್ವಿಸ್ ಹುಡುಗ. ಬೆಳ್ತಂಗಡಿ ಕಡೆಯವ, ಊರಲ್ಲಿ ಕಬಡ್ಡಿ ಆಡಿದ್ದಾನೆ, ರಗ್ಬಿಯ ರೂಲ್ಸ್ ಒಂದೂ ಗೊತ್ತಿಲ್ಲ ಆದ್ರೆ ಟ್ಯಾಕಲ್ ಮಾತ್ರ ಕಣ್ಣು ಮಿಟುಕಿಸದೆ ನೋಡ್ತಾನೆ. ಭುಜದ ಮೇಲೆ ಟವೆಲ್ ಹಾಕ್ಕೊಂಡು, ಕೈಯಲ್ಲಿ ಖಾಲಿ ಪ್ಲೇಟ್ ಹಿಡ್ಕೊಂಡೇ ನಿಂತು, "ಅಣ್ಣ, ಇವ್ರು ಸೊಂಟಕ್ಕೆ ಕೈ ಹಾಕ್ತಾರೆ, ಅವ ತಿರುಗಿದ ಕೂಡ್ಲೆ ಕೈ ಜಾರ್ತದೆ, ತೊಡೆಗೆ ಹಾಕ್ಬೇಕು, ಇನ್ನೊಬ್ಬ ಆ ಕಡೆಯಿಂದ ಬರ್ಬೇಕು, ಇಲ್ಲಿ ಇನ್ನೊಬ್ಬ ಬರೂದೇ ಇಲ್ಲ ನೋಡಿ" ಅಂದ. ಇಂಗ್ಲೆಂಡ್ ಹತ್ತು ಟ್ರೈ (ಬಾಲ್ ಗೆರೆ ದಾಟಿಸಿ ನೆಲಕ್ಕೆ ಮುಟ್ಟಿಸೂದು) ಹೊಡೆದ ರಾತ್ರಿ ನಾನು ಕೇಳಿದ ಅತಿ ಸರಿಯಾದ ವಿಶ್ಲೇಷಣೆ ಅದು. ವೇಲ್ಸ್‌ನ ಡಿಫೆನ್ಸ್ ಅಂದ್ರೆ ಒಂದು ಕಾಲಕ್ಕೆ ಡಿಫೆನ್ಸ್ ಕೋಚ್ ಶಾನ್ ಎಡ್ವರ್ಡ್ಸ್ ಕಟ್ಟಿದ ಗೋಡೆ, ಅವ್ರು 2019ರ ನಂತ್ರ ಫ್ರಾನ್ಸ್ ಟೀಮಿಗೆ ಹೋದ್ರು, ಈಗ ಆ ಗೋಡೆ ಅವ್ರ ಕಡೆ ಉಂಟು ನಮ್ಮ ಕಡೆ ಬರೀ ಬಾಗಿಲು. ಈ ಹುಡುಗನನ್ನು ವಾರಕ್ಕೊಮ್ಮೆ ಕಾರ್ಡಿಫ್‌ಗೆ ಕಳಿಸಿದ್ರೆ ಏನಾದ್ರೂ ಆದೀತು.

ಶೆಟ್ರು ಒಂದ್ಸಲ ಮೇಲೆ ಬಂದು ಕೂತು ಕೇಳಿದ್ರು, ಎಂಥಕ್ಕೆ ಇವ್ರು ಇಷ್ಟು ಸೋಲೂದು, ಗಟ್ಟಿಮುಟ್ಟಾಗೇ ಇದ್ದಾರಲ್ಲ ಅಂತ. ಅದಕ್ಕೆ ಉತ್ತರ ಕೊಡ್ಲಿಕ್ಕೆ ಹೋದ್ರೆ ಒಂದು ಕ್ವಾರ್ಟರ್ ಸಾಲೂದಿಲ್ಲ. ಮೊದ್ಲನೇದು ಊರೇ ಸಣ್ಣದು, ಜನ 31 ಲಕ್ಷದಷ್ಟು, ನಮ್ಮ ಲೋಕಲ್ ಟ್ರೇನ್‌ಗಳಲ್ಲಿ ಒಂದು ದಿನಕ್ಕೆ ಅದರ ಡಬಲ್ ಜನ ಓಡಾಡ್ತಾರೆ. ಅದು ನೆವ ಅಲ್ಲ ಅಂತ ನಾನೇ ಹೇಳ್ತೇನೆ, ಯಾಕಂದ್ರೆ ಅಷ್ಟೇ ಜನ ಇಟ್ಕೊಂಡು 2005, 2008, 2012, 2019ರಲ್ಲಿ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದವ್ರು ಇವ್ರು. ಅಸಲು ರೋಗ ಆಫೀಸಿನಲ್ಲಿ. 2003ರಲ್ಲಿ ಹಳೇ ಕ್ಲಬ್‌ಗಳ ಮೇಲೆ ಐದು ರೀಜನ್ ಅಂತ ಪ್ರಾಂತ್ಯದ ಟೀಮ್ ಮಾಡಿದ್ರು, ಮರುವರ್ಷವೇ ಒಂದನ್ನು ಮುಚ್ಚಿದ್ರು, ಉಳಿದದ್ದು ನಾಲ್ಕು, ಅವಕ್ಕೂ ಯೂನಿಯನ್‌ಗೂ (ಅಲ್ಲಿಯ ರಗ್ಬಿ ಬೋರ್ಡ್) ದುಡ್ಡಿನ ವಿಷಯದಲ್ಲಿ ಯಾವಾಗ ನೋಡಿದ್ರೂ ಜಗಳ. 2023ರ ಫೆಬ್ರವರಿಯಲ್ಲಿ ಕಾಂಟ್ರ್ಯಾಕ್ಟ್ ಸರಿ ಇಲ್ಲ ಅಂತ ಪ್ಲೇಯರ್‌ಗಳು ಇಂಗ್ಲೆಂಡ್ ಮ್ಯಾಚಿಗೇ ಸ್ಟ್ರೈಕ್ ಮಾಡ್ತೇವೆ ಅಂತ ಕೂತಿದ್ರು. ಆ ಮೇ ತಿಂಗಳಲ್ಲಿ ಆಲನ್ ವಿನ್ ಜೋನ್ಸ್, ಜಸ್ಟಿನ್ ಟಿಪ್ಯುರಿಕ್ ಒಟ್ಟಿಗೇ ಟೀಮಿಗೆ ನಮಸ್ಕಾರ ಹೇಳಿದ್ರು, ವರ್ಲ್ಡ್ ಕಪ್ ಆದ ಮೇಲೆ ಡ್ಯಾನ್ ಬಿಗರ್, ಮತ್ತೆ ಜಾರ್ಜ್ ನಾರ್ತ್. ಲೂಯಿಸ್ ರೀಸ್-ಝ್ಯಾಮಿಟ್ ಅಂತೂ 2024ರಲ್ಲಿ ಸಿಕ್ಸ್ ನೇಷನ್ಸ್ ಟೀಮ್ ಅನೌನ್ಸ್ ಮಾಡೋ ದಿನವೇ ಅಮೆರಿಕನ್ ಫುಟ್‌ಬಾಲ್ ಆಡ್ತೇನೆ ಅಂತ ಹೊರಟ, ಅಲ್ಲಿ ಆಗ್ಲಿಲ್ಲ, 2025ರಲ್ಲಿ ವಾಪಸ್ ಬಂದ. ಇಷ್ಟೆಲ್ಲ ಆದ ಮೇಲೆ 2025ರಲ್ಲಿ ಯೂನಿಯನ್‌ನವ್ರು ನಾಲ್ಕು ರೀಜನ್ ಜಾಸ್ತಿ ಆಯ್ತು ಮೂರು ಮಾಡ್ತೇವೆ ಅಂದ್ರು, ಯಾವುದು ಹೋಗೂದು ಅಂತ ಗೊತ್ತಿಲ್ಲದೆ ಆಡುವ ಹುಡುಗರ ತಲೆಯಲ್ಲಿ ಎಂಥ ಇರ್ತದೆ ನೀವೇ ಯೋಚನೆ ಮಾಡಿ. ಶೆಟ್ರು ಎಲ್ಲ ಕೇಳಿ, "ಇದು ನಮ್ಮ ಹೋಟ್ಲಿನ ಪಾರ್ಟ್‌ನರ್‌ಶಿಪ್ ಗಲಾಟೆಯೇ ಆಯ್ತಲ್ಲ ಮಾರಾಯ್ರೆ" ಅಂತ ಎದ್ದು ಹೋದ್ರು.

ಊಟದ ವಿಷಯ. ಜೊತೆಗೆ ಬರೋದು ನಮ್ಮ ಆಫೀಸಿನ ಒಬ್ಬ ಸ್ವಾನ್ಸೀ ಊರಿನವ, ಪ್ರಾಜೆಕ್ಟ್ ಮೇಲೆ ಇಲ್ಲಿಗೆ ಬಂದು ಗೋರೇಗಾಂವ್‌ನಲ್ಲಿದ್ದಾನೆ. ಟೀಮ್ 20 ಪಾಯಿಂಟ್ ಹಿಂದೆ ಬಿದ್ದ ಮೇಲೇ ಊಟ ಆರ್ಡರ್ ಮಾಡ್ಬೇಕು ಅಂತ ಅವನ ರೂಲು, ಹಾಗಾಗಿ ನಾವು ಸಾಮಾನ್ಯ ಬೇಗನೇ ಊಟ ಮಾಡ್ತೇವೆ. ಕೋಳಿ ಸುಕ್ಕ ಮತ್ತು ನೀರ್ ದೋಸೆ ತಗೊಳ್ಳಿ, ಸುಕ್ಕದಲ್ಲಿ ಕಾಯಿತುರಿ ಸರಿಯಾಗಿ ಹುರಿದಿರ್ತದೆ, ಹಸಿ ವಾಸನೆ ಇರೂದಿಲ್ಲ. ಬಂಗುಡೆ ಪುಳಿಮುಂಚಿ ಮೀನು ತಾಜಾ ಇದ್ದ ದಿನ ಮಾತ್ರ, ಹುಡುಗನನ್ನೇ ಕೇಳಿ, ಸತ್ಯ ಹೇಳ್ತಾನೆ. ಘೀ ರೋಸ್ಟ್ ನನಗೆ ಸ್ವಲ್ಪ ಸಿಹಿ ಜಾಸ್ತಿ ಅನ್ನಿಸ್ತು, ಬಾಂಬೆ ಗಿರಾಕಿಗಳಿಗೋಸ್ಕರ ಬೆಲ್ಲ ಏರಿಸಿದ ಹಾಗುಂಟು, ಕುಂದಾಪುರದಲ್ಲಿ ತಿಂದವ್ರಿಗೆ ಹಿಡಿಸ್ಲಿಕ್ಕಿಲ್ಲ. ಚಕ್ಣಾಕ್ಕೆ ಬೇಯಿಸಿದ ಶೇಂಗಾ, ಅದಕ್ಕೆ ಹಾಕೋ ಈರುಳ್ಳಿ ಮಾತ್ರ ಯಾವಾಗ್ಲೂ ಕಂಜೂಸ್. ರೇಟು ಕೆಳಗಿಗಿಂತ ಮೇಲೆ ಜಾಸ್ತಿ, ಎಲ್ಲ ಪರ್ಮಿಟ್ ರೂಮ್‌ನಲ್ಲೂ ಹಾಗೇ.

2025ರ ನವೆಂಬರ್ 29ರ ರಾತ್ರಿ ಬಗ್ಗೆ ಹೇಳ್ಲೇಬೇಕು. ಅದೇ ವಾರ ಗುವಾಹಟಿಯಲ್ಲಿ ಸೌತ್ ಆಫ್ರಿಕಾದವ್ರು ನಮ್ಮ ಕ್ರಿಕೆಟ್ ಟೀಮನ್ನು 408 ರನ್‌ನಿಂದ ಬಡಿದು ಸೀರೀಸ್ ತಗೊಂಡು ಹೋಗಿದ್ರು, ಬಾರ್‌ನಲ್ಲಿ ಎಲ್ರಿಗೂ ಅದೇ ಉರಿ. ಆ ಶನಿವಾರ ಕಾರ್ಡಿಫ್‌ನಲ್ಲಿ ವೇಲ್ಸ್‌ಗೆ ಸೌತ್ ಆಫ್ರಿಕಾ. ಹುಡುಗ ಎಲ್ಲ ಟೇಬಲ್‌ಗೂ ಹೋಗಿ ಸುದ್ದಿ ಮುಟ್ಟಿಸಿದ್ದಾನೆ, ಗುಜರಾತಿ ಸೇಠು, ಎರಡು ಟೇಬಲ್ ಬ್ಯಾಂಕ್‌ನವ್ರು, ಮೂಲೆಯ ಮರಾಠಿ ಕಾಕಾ, ಜೀವಮಾನದಲ್ಲಿ ರಗ್ಬಿ ನೋಡದವ್ರೆಲ್ಲ ವೇಲ್ಸ್ ಪಾರ್ಟಿ. ನನ್ನ ಸ್ವಾನ್ಸೀಯವ ಅವ್ರ ನಾಡಗೀತೆ ಬಂದಾಗ ಎದ್ದು ನಿಂತ, ಇವ್ರೂ ಎದ್ರು, ಕಾಕಾ ಎದೆ ಮೇಲೆ ಕೈ ಇಟ್ಕೊಂಡ್ರು. ಆಮೇಲೆ ಮ್ಯಾಚ್ ಶುರುವಾಯ್ತು. 73-0. ಹನ್ನೊಂದು ಟ್ರೈ. ವೇಲ್ಸ್ ಮನೆಯಂಗಳದಲ್ಲಿ ಸೋತ ಅತಿ ದೊಡ್ಡ ಸೋಲು ಅದು. ಅರ್ಧ ಟೀಮ್ ಇರ್ಲೇ ಇಲ್ಲ, ಯಾಕಂದ್ರೆ ಆ ಮ್ಯಾಚ್ ಇಂಟರ್‌ನ್ಯಾಷನಲ್‌ಗೆ ಅಂತ ಬಿಟ್ಟ ವಾರಗಳ ಆಚೆ ಇತ್ತು, ಇಂಗ್ಲೆಂಡ್ ಫ್ರಾನ್ಸ್ ಕ್ಲಬ್‌ಗಳಲ್ಲಿ ಆಡುವವ್ರನ್ನು ಅವ್ರು ಬಿಡ್ಬೇಕು ಅಂತಿಲ್ಲ, ಅದು ಗೊತ್ತಿದ್ದೂ ಯೂನಿಯನ್‌ನವ್ರು ಗೇಟ್ ಕಲೆಕ್ಷನ್ ಬರ್ತದಲ್ಲ ಅಂತ ಇಟ್ಕೊಂಡದ್ದು. ಸೋತದ್ದಕ್ಕಿಂತ ಅದು ನನಗೆ ಹೊಟ್ಟೆ ಉರಿಸಿದ್ದು. ಹಿಂದಿನ ವಾರವೇ ನ್ಯೂಜಿಲೆಂಡ್ ಮೇಲೆ ಟಾಮ್ ರಾಜರ್ಸ್ ಹ್ಯಾಟ್ರಿಕ್ ಟ್ರೈ ಹೊಡೆದಿದ್ದ, ಅವ್ರ ಮೇಲೆ ಹಾಗೆ ಹೊಡೆದ ವೇಲ್ಸ್‌ನವ ಅದಕ್ಕೆ ಮೊದ್ಲು ಯಾರೂ ಇಲ್ಲ, ಸೋತ್ರೂ ಸ್ವಲ್ಪ ಮುಖ ಎತ್ತಿಕೊಂಡು ಮನೆಗೆ ಹೋಗಿದ್ವಿ, ಒಂದೇ ವಾರದಲ್ಲಿ ಎಲ್ಲ ನೀರಲ್ಲಿ ಹೋಮ. ಹೊಸ ಕೋಚ್ ಸ್ಟೀವ್ ಟ್ಯಾಂಡಿಯನ್ನು ಬೈಲಿಕ್ಕೂ ಮನಸ್ಸು ಬರ್ಲಿಲ್ಲ, ಮನುಷ್ಯ ಬಂದು ಎರಡು ದಿನ ಆಗಿರ್ಲಿಲ್ಲ, ಕೈಗೆ ಸಿಕ್ಕಿದ್ದು ಇಷ್ಟು.

ಆದ್ರೆ ಬಾರ್ ರಿವ್ಯೂ ಅಂದ್ರೆ ಇದನ್ನು ಹೇಳ್ಬೇಕು: ಸ್ಕೋರ್ 50 ದಾಟಿದಾಗ ಬ್ಯಾಂಕ್‌ನವ್ರ ಟೇಬಲ್‌ನಿಂದ ಒಬ್ಬ "ಅರೆ, ಕುಛ್ ಔರ್ ಲಗಾವೋ" ಅಂದ, ಶೆಟ್ರು ಮೆಟ್ಟಿಲ ಮೇಲಿನಿಂದಲೇ "ಅವ್ರದ್ದು ಮುಗೀಲಿ" ಅಂದ್ರು. ಅಷ್ಟೇ. ಕಡೆಗೆ ಸೌತ್ ಆಫ್ರಿಕಾದ ಎಟ್ಸೆಬೆತ್‌ಗೆ ರೆಡ್ ಕಾರ್ಡ್ ಸಿಕ್ಕಿದಾಗ ಇಡೀ ಬಾರ್ ಎದ್ದು ಚಪ್ಪಾಳೆ ಹೊಡೀತು, ಗೆದ್ದ ಹಾಗೆ. ಆ ರಾತ್ರಿ ಬಿಲ್‌ನಲ್ಲಿ ಶೇಂಗಾ ಹಾಕಿರ್ಲಿಲ್ಲ.

ಮೈನಸ್ ಇಲ್ಲ ಅಂತಲ್ಲ. ಟಿವಿಗೆ ಶೆಟ್ರ ಮಗನ ಆಪ್ ಅಕೌಂಟಿಂದ ಹಾಕೋದು, ಕೆಳಗೆ ಯಾರಾದ್ರೂ ಅದೇ ವೈಫೈಯಲ್ಲಿ ವಿಡಿಯೋ ನೋಡಿದ್ರೆ ಸ್ಕ್ರಮ್ ನಡುವೆ ಚಕ್ರ ತಿರುಗ್ಲಿಕ್ಕೆ ಶುರು. ಎಸಿಯ ನೀರು ಕಿಟಕಿ ಪಕ್ಕದ ಟೇಬಲ್ ಮೇಲೆ ತೊಟ್ಟಿಕ್ತದೆ, ಅಲ್ಲಿ ಕೂರ್ಬೇಡಿ, ಕಂಬದ ಪಕ್ಕದ್ದು ಒಳ್ಳೇದು. ಟಾಯ್ಲೆಟ್ ಬಗ್ಗೆ ಏನೂ ಹೇಳೂದಿಲ್ಲ. ಮುಖ್ಯ ಪ್ರಾಬ್ಲಮ್ ಟೈಮಿಂಗ್. ಕಾರ್ಡಿಫ್‌ನ ಮಧ್ಯಾಹ್ನ ಸಂಜೆ ಮ್ಯಾಚ್ ನಮ್ಮ ರಾತ್ರಿ ಎಂಟರಿಂದ ಹತ್ತೂಕಾಲಿಗೆ ಶುರುವಾಗ್ತದೆ, ಅದು ಸರಿ, ಆದ್ರೆ ಅಲ್ಲಿ ರಾತ್ರಿ ಎಂಟಕ್ಕೆ ಇಟ್ಟದ್ದು ಇಲ್ಲಿ ಒಂದೂವರೆ ದಾಟ್ತದೆ, ಆಗ ಬಾರ್ ಬಂದ್, ಶೆಟ್ರು ಎಂಥ ಮಾಡ್ಲಿಕ್ಕೂ ಆಗೂದಿಲ್ಲ. 2025ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸ್ 43-0 ಹೊಡೆದದ್ದು ಅಂಥ ಶುಕ್ರವಾರ ರಾತ್ರಿ, ಮನೇಲಿ ಸೌಂಡ್ ಆಫ್ ಮಾಡಿ ಒಬ್ಬನೇ ನೋಡಿದೆ, ಹೆಂಡತಿ ನೀರು ಕುಡೀಲಿಕ್ಕೆ ಎದ್ದವಳು ಸ್ಕೋರ್ ನೋಡಿ ಏನೂ ಹೇಳದೆ ಹೋಗಿ ಮಲಗಿದ್ಲು.

ಐದರಲ್ಲಿ ನಾಲ್ಕೂವರೆ, ಅರ್ಧ ಆ ಎಸಿಗೆ ಕಟ್. 2026ರ ಫೆಬ್ರವರಿಯಲ್ಲಿ ಸಿಕ್ಸ್ ನೇಷನ್ಸ್ ಮತ್ತೆ ಬಂತು, ಮೊದ್ಲ ಮ್ಯಾಚೇ ಲಂಡನ್‌ನ ಟ್ವಿಕನ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್ ಮೇಲೆ, 7ನೇ ತಾರೀಕು ಶನಿವಾರ, ಕಂಬದ ಪಕ್ಕದ ಟೇಬಲ್ ನಾನು ಆಗ್ಲೇ ಹೇಳಿಟ್ಟಿದ್ದೆ. ಇಂಗ್ಲೆಂಡ್ ಫ್ಯಾನ್‌ಗಳು ಬೇಕಾದ್ರೆ ಕೆಳಗೆ ನಾನ್-ಎಸಿಯಲ್ಲಿ ಕೂತ್ಕೊಳ್ಳಿ, ಅಲ್ಲಿ ಟಿವಿ ಇಲ್ಲ.