ನಳಿಕೆಯ ಅಳತೆ ಹೇಳದ ಇನ್-ಇಯರ್ ಮಾನಿಟರ್ ಕೊಳ್ಳಬೇಡಿ

ಇನ್-ಇಯರ್ ಮಾನಿಟರ್ ಎಂದರೆ ವೇದಿಕೆಯ ಮೇಲೆ ಹಾಡುವವರು, ನುಡಿಸುವವರು ತಮ್ಮ ಸಂಗೀತ ಕೇಳಿಸಿಕೊಳ್ಳಲು ಕಿವಿಯೊಳಗೆ ಹಾಕಿಕೊಳ್ಳುವ ಇಯರ್‌ಫೋನ್. ಅದನ್ನು ಮಾರುವವರು ಒಳಗೆ ಎಷ್ಟು ಡ್ರೈವರ್‌ಗಳಿವೆ (ಸದ್ದು ಹೊರಡಿಸುವ ಪುಟ್ಟ ಘಟಕಗಳು) ಎಂಬುದನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ. ಕಿವಿಯೊಳಗೆ ಹೋಗಿ ಕೂರುವ ನಳಿಕೆ ಎಷ್ಟು ದಪ್ಪ ಎಂಬುದನ್ನು ಹೇಳುವವರು ಅಪರೂಪ. ಹೊಸ ಜೋಡಿ ಕೊಳ್ಳುವಾಗ ನಾನು ಅದನ್ನೇ ಕೇಳಿದ್ದೆ. “ಎಲ್ಲರ ಕಿವಿಗೂ ಕೂರುತ್ತದೆ ಸರ್, ಮೂರು ಅಳತೆಯ ಟಿಪ್ ಕೊಡುತ್ತೇವಲ್ಲ” ಎಂದರು ಅಂಗಡಿಯವರು; ಟಿಪ್ ಎಂದರೆ ನಳಿಕೆಯ ತುದಿಗೆ ತೊಡಿಸುವ ಮೆತ್ತನೆಯ ಟೋಪಿ. ಆ ಮಾತಿನ ಬೆಲೆಯನ್ನು ನನ್ನ ಬಲಗಿವಿ ತೆತ್ತಿತು.

ರಸಮಂಜರಿ ಕಾರ್ಯಕ್ರಮಗಳಲ್ಲಿ ಕೀಬೋರ್ಡ್ ನುಡಿಸುವವನು ನಾನು. ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯುವವರೆಗೆ ವೇದಿಕೆಯ ಮೇಲೆ ಗಂಟೆಗಟ್ಟಲೆ ಕಿವಿಯಲ್ಲಿ ಮಾನಿಟರ್ ಇರುತ್ತದೆ. ನನ್ನ ಹಳೆಯ ಜೋಡಿಯಲ್ಲಿರುವುದು 10 ಮಿಲಿಮೀಟರಿನ ಒಂದೇ ಡೈನಾಮಿಕ್ ಡ್ರೈವರ್ (ಮಾಮೂಲಿ ಸ್ಪೀಕರಿನ ಪುಟ್ಟ ರೂಪ), ಬೆಲೆ ಎರಡು ಸಾವಿರದೊಳಗೆ. ಹೊಸದು ಅದರ ಹತ್ತು ಪಟ್ಟು ದುಬಾರಿ: ತಗ್ಗು ಸ್ವರಗಳಿಗೆ ಒಂದು ಡೈನಾಮಿಕ್, ಉಳಿದದ್ದಕ್ಕೆ ನಾಲ್ಕು ಬ್ಯಾಲೆನ್ಸ್‌ಡ್ ಆರ್ಮೇಚರ್ (ಲೋಹದ ಪುಟ್ಟ ಪಟ್ಟಿ ಕಂಪಿಸಿ ನುಡಿಯುವ ಇನ್ನೊಂದು ಬಗೆಯ ಡ್ರೈವರ್).

ಅಂಗಡಿಯಲ್ಲಿ ಹೊಸದು ಗೆದ್ದದ್ದು ನಿಜ. ಆದರೆ ಗೆದ್ದ ಬಗೆಯನ್ನು ನೋಡಿ. ಎರಡನ್ನೂ ಒಂದೇ ಪ್ಲೇಯರಿಗೆ ಸಿಕ್ಕಿಸಿ, ವಾಲ್ಯೂಮ್ ಮುಟ್ಟದೆ ಅದಲು ಬದಲು ಮಾಡಿ ಕೇಳಿಸಿದರು. ಹೊಸದರ ಸಂವೇದನೆ ಹೆಚ್ಚು, ಅಷ್ಟೇ ವಿದ್ಯುತ್ತಿಗೆ ಅದು ಜೋರಾಗಿ ನುಡಿಯುತ್ತದೆ. ತುಸು ಜೋರಾದದ್ದು ಮನುಷ್ಯನ ಕಿವಿಗೆ ಸಾಮಾನ್ಯವಾಗಿ ಹೆಚ್ಚು ಸ್ಪಷ್ಟವಾಗಿ, ಹೆಚ್ಚು ತುಂಬಿಕೊಂಡಂತೆ ಕೇಳುತ್ತದೆ. ಮಾರುವವರಿಗೆ ಇದು ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ. ಎರಡರ ಸದ್ದನ್ನೂ ಸಮ ಮಾಡಿಕೊಂಡು ಕೇಳಿದಾಗ ಹೊಸದರ ಮೇಲುಗೈ ಉಳಿದದ್ದು ತಬಲೆಯ ಅಂಚಿನ (ಚಾಟಿ) ಪೆಟ್ಟಿನ ಚುರುಕಿನಲ್ಲಿ, ಗಾಯಕಿ ಉಸಿರೆಳೆದುಕೊಳ್ಳುವ ಸದ್ದಿನಲ್ಲಿ. ಅದು ಹತ್ತು ಪಟ್ಟು ಹಣಕ್ಕೆ ತಕ್ಕ ಮೇಲುಗೈ ಅಲ್ಲ.

ವೇದಿಕೆಗೆ ಬಂದಾಗ ಅದೂ ಹೋಯಿತು. ಗಾಯಕರ ಧ್ವನಿ ಹಿಂದಕ್ಕೆ ಸರಿದು, ‘ಸ’ಕಾರಗಳು ಸೂಜಿಯಂತೆ ಚುಚ್ಚತೊಡಗಿದವು. ಕೆಟ್ಟದ್ದು ಮಾನಿಟರ್ ಆಗಿರಲಿಲ್ಲ. ಬ್ಯಾಲೆನ್ಸ್‌ಡ್ ಆರ್ಮೇಚರ್‌ಗಳ ವಿದ್ಯುತ್ ಪ್ರತಿರೋಧ ಎಲ್ಲ ಸ್ವರಗಳಿಗೂ ಒಂದೇ ಆಗಿರುವುದಿಲ್ಲ, ತಾರಸ್ಥಾಯಿಗೆ ಹೋದಂತೆ ಏರಿಳಿಯುತ್ತದೆ. ಮೂಲದ (ಮಾನಿಟರ್ ಸಿಕ್ಕಿಸುವ ಪ್ಲೇಯರ್ ಅಥವಾ ಮಿಕ್ಸರಿನ) ಪ್ರತಿರೋಧ ಒಂದೆರಡು ಓಮ್‌ನೊಳಗಿದ್ದರೆ ಇದರಿಂದ ತೊಂದರೆಯಿಲ್ಲ; ಅಂಗಡಿಯ ಪ್ಲೇಯರ್ ಅಂಥದ್ದು. ಕೀಬೋರ್ಡ್ ಮತ್ತು ಸಣ್ಣ ಮಿಕ್ಸರ್‌ಗಳ ಹೆಡ್‌ಫೋನ್ ಕಿಂಡಿಗಳಲ್ಲಿ ಅದು ಹತ್ತಾರು ಓಮ್ ಇರುವುದುಂಟು. ಆಗ ಕೆಲವು ಸ್ವರಗಳಿಗೆ ಹೆಚ್ಚು ವೋಲ್ಟೇಜ್ ಸಿಕ್ಕಿ, ಕೆಲವಕ್ಕೆ ಕಡಿಮೆಯಾಗಿ, ಇಡೀ ನಾದದ ಹದವೇ ಬದಲಾಗುತ್ತದೆ. ಒಂಟಿ ಡೈನಾಮಿಕ್ ಡ್ರೈವರಿನ ಪ್ರತಿರೋಧ ಹೆಚ್ಚು ಕಡಿಮೆ ಸಮನಾಗಿರುವುದರಿಂದ ನನ್ನ ಹಳೆಯ ಜೋಡಿ ಎಲ್ಲಿ ಸಿಕ್ಕಿಸಿದರೂ ತನ್ನ ಗುಣ ಬಿಡುವುದಿಲ್ಲ. ಮಾನಿಟರಿನ ಪ್ರತಿರೋಧ ಮೂಲದ್ದಕ್ಕಿಂತ ಎಂಟು ಪಟ್ಟಾದರೂ ಇರಲಿ ಎಂದು ಸೌಂಡ್‌ನವರು ಹೇಳುವುದು ಇದಕ್ಕೇ. ವೇದಿಕೆಯ ಕೆಲಸಕ್ಕೆಂದು ಹೇಳಿಯೇ ಕೇಳಿದ್ದರೂ ಅಂಗಡಿಯಲ್ಲಿ ಈ ಮಾತು ಬರಲಿಲ್ಲ.

ಇನ್ನು ನಳಿಕೆ. ವಯಸ್ಕರ ಕಿವಿಯ ನಾಳ ಸುಮಾರು 7 ಮಿಲಿಮೀಟರ್ ಅಗಲ, ಅದೂ ದುಂಡಗಲ್ಲ, ಒಳಗೆ ಬಾಗಿದ್ದು. ವರ್ನಿಯರ್ ಹಿಡಿದು ಅಳೆದರೆ ಹೊಸದರ ನಳಿಕೆಯೇ 6.3 ಮಿಲಿಮೀಟರ್, ಅದರ ಮೇಲೆ ಸಿಲಿಕೋನ್ ಟಿಪ್ ಬೇರೆ. ಮೊದಲ ಅರ್ಧ ಗಂಟೆ ಬಿಗಿತ, ಆಮೇಲೆ ನೋವು. ನೋವಾಗದಷ್ಟು ಹೊರಗೆ ಎಳೆದುಕೊಂಡರೆ ಸಂದು ಬಿಟ್ಟು ತಗ್ಗು ಸ್ವರಗಳು (ಬೇಸ್) ಸೋರಿಹೋಗುತ್ತವೆ, ಢೋಲಕ್ ತಗಡು ಬಡಿದಂತೆ ಕೇಳುತ್ತದೆ. ಆದ್ದರಿಂದ ಆರಾಮ ಬೇರೆ, ನಾದ ಬೇರೆ ಎಂದು ಅಂಕ ಕೊಡುವ ವಿಮರ್ಶೆಗಳನ್ನು ನಾನು ಈಗ ಓದುವುದೇ ಇಲ್ಲ. ಸರಿಯಾಗಿ ಕೂರದ ಮಾನಿಟರಿಗೆ ನಾದವೂ ಇರುವುದಿಲ್ಲ. ಸೋರಿಕೆಯಾದಾಗ ಕೈ ತಾನಾಗಿಯೇ ವಾಲ್ಯೂಮಿನ ಕಡೆ ಹೋಗುವುದು ಇನ್ನೊಂದು ಅಪಾಯ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ.

ನೋವು ತಪ್ಪಿಸಲು ಅವರದೇ ಪೆಟ್ಟಿಗೆಯಲ್ಲಿದ್ದ ಅತಿ ಸಣ್ಣ ಟಿಪ್ ಹಾಕಿದೆ. ಈ ನಳಿಕೆಯ ತುದಿ ನುಣುಪು, ಟಿಪ್ಪನ್ನು ಹಿಡಿದಿಡುವ ಅಂಚೇ ಇಲ್ಲ. ಕಾರ್ಯಕ್ರಮ ಮುಗಿದು ಮಾನಿಟರ್ ಎಳೆದರೆ ಟಿಪ್ ಬಲಗಿವಿಯೊಳಗೇ ಉಳಿಯಿತು. ತಂಡದವರೊಬ್ಬರು ಹೇರ್‌ಪಿನ್ ಹಿಡಿದುಕೊಂಡು ಬಂದರು. ಪುಣ್ಯಕ್ಕೆ ಢೋಲಕ್‌ನವರು ತಡೆದರು. ನಾಳದ ಒಳಭಾಗದಲ್ಲಿ ಮೂಳೆಯ ಮೇಲೆ ಇರುವುದು ತೆಳುವಾದ ಚರ್ಮ, ಅದರಾಚೆಗೆ ಕಿವಿತಮಟೆ. ನಾವಾಗಿ ಕೆದಕಿದರೆ ವಸ್ತು ಇನ್ನಷ್ಟು ಒಳಕ್ಕೆ ಹೋಗುತ್ತದೆ. ಬೆಳಿಗ್ಗೆ ಕಿವಿ ವೈದ್ಯರು ಬೆಳಕು ಹಾಕಿ ನೋಡಿ ಚಿಮುಟದಿಂದ ತೆಗೆದರು, ತೆಗೆಯಲು ಹಿಡಿದದ್ದು ಕ್ಷಣವಷ್ಟೆ. ಗೀರಿದ ಗಾಯ ಆರುವವರೆಗೆ ಆ ಕಿವಿಗೆ ಏನನ್ನೂ ಹಾಕಬಾರದೆಂದರು. ಹಬ್ಬದ ಸುಗ್ಗಿಯ ಕಾರ್ಯಕ್ರಮಗಳು ಕೈತಪ್ಪಿದವು.

ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ. ಕಿವಿಗೆ ಹಾಕಿದ ವಸ್ತು, ನೈರ್ಮಲ್ಯದ ಪ್ರಶ್ನೆ ಎಂದರು. ಬಿಲ್ಲಿನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಹಾಗೆಯೇ ಇದೆ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ, ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ವಸ್ತುವನ್ನು ವಾಪಸು ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎನ್ನುತ್ತವೆ 2020ರ ಇ-ಕಾಮರ್ಸ್ ನಿಯಮಗಳು. ಆಗ ‘ಎಲ್ಲ ಕಿವಿಗೂ ಹೊಂದುತ್ತದೆ’ ಎಂಬ ಸಾಲಿನ ಸ್ಕ್ರೀನ್‌ಶಾಟ್ ಕೈಯಲ್ಲಿರಬೇಕು. ನನಗೆ ಸಿಕ್ಕಿದ್ದು ಬಾಯಿಮಾತು. ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ಬರೆಸಿದ್ದೇನೆ.

ಕೊಳ್ಳಲು ಹೋಗುವವರು ನಿಮ್ಮದೇ ಮಿಕ್ಸರ್ ಅಥವಾ ಫೋನ್, ನಿಮಗೆ ಒಗ್ಗಿದ ಟಿಪ್ ಒಯ್ಯಿರಿ. ಹಾಕಿಕೊಂಡು ಅರ್ಧ ಗಂಟೆ ಕೂರಲು ಬಿಡದ ಅಂಗಡಿಯಿಂದ ಎದ್ದು ಬನ್ನಿ. ಟಿಪ್ ಹಾಕಿ ಬೆರಳಿನಿಂದ ಎಳೆದು ನೋಡಿ, ಸಲೀಸಾಗಿ ಕಳಚಿದರೆ ಅದನ್ನು ಕಿವಿಗೆ ಹಾಕಲೇಬೇಡಿ. ನಳಿಕೆ 6 ಮಿಲಿಮೀಟರ್ ದಾಟಿದ್ದು, ನಿಮ್ಮ ಕಿವಿಗೆ ಸಣ್ಣ ಟಿಪ್ಪೇ ಬೇಕಾಗುವುದಾದರೆ, ಒಳಗೆ ಹತ್ತು ಡ್ರೈವರ್ ಇದ್ದರೂ ಅದು ನಿಮ್ಮ ಜೋಡಿಯಲ್ಲ.