ಮೊದಲ ಹೊಲಿಗೆಗೆ ಕಾಟನ್ನೋ, ರೇಯಾನೋ?

ಹೊಲಿಯೋದು ಈಗಷ್ಟೇ ಶುರು ಮಾಡಿದ್ದೀರಾ? ಹಾಗಾದರೆ ಸುಮ್ನೆ ಕಾಟನ್ ಪಾಪ್ಲಿನ್ (ಒತ್ತಾಗಿ ನೇಯ್ದ ನಯವಾದ ಹತ್ತಿ ಬಟ್ಟೆ) ತಗೊಳ್ಳಿ. ಹಾಸಿದ ಜಾಗದಲ್ಲೇ ಇರುತ್ತದೆ. ಉಗುರಲ್ಲಿ ಗೀರಿದರೂ ಮಡಿಕೆ ನಿಲ್ಲುತ್ತದೆ. ಹೊಲಿಗೆ ತಪ್ಪಿ ಬಿಚ್ಚಬೇಕಾದರೆ, ಬಿಚ್ಚಿದ ಮೇಲೆ ನೀರು ಚಿಮುಕಿಸಿ ಇಸ್ತ್ರಿ ಹಾಕಿ. ಸೂಜಿಯ ತೂತುಗಳು ಹೆಚ್ಚುಕಮ್ಮಿ ಮಾಯ.

ರೇಯಾನ್ ಹಾಗಲ್ಲ. ಮೈಮೇಲೆ ಅದು ಇಳಿಬೀಳುವ ಚೆಂದ ಪಾಪ್ಲಿನ್‌ಗೆ ಬರುವುದಿಲ್ಲ, ಒಪ್ಪೋಣ. ಅಂಗಡಿಯಲ್ಲಿ ಮುಟ್ಟಿದರೆ ಬಿಟ್ಟು ಬರೋಕೆ ಮನಸ್ಸೇ ಆಗಲ್ಲ, ಅಲ್ವಾ? ಆದರೆ ಕತ್ತರಿ ಇಟ್ಟ ಕೂಡಲೇ ಜಾರುತ್ತದೆ. ಕುತ್ತಿಗೆಯ ಸುತ್ತಿನಂಥ ಕಡೆ ಅಂಚು ಎಳೆದುಕೊಂಡು ಅಗಲವಾಗುತ್ತದೆ. ಅದಕ್ಕೇ ಕತ್ತರಿಸಿದ ತಕ್ಷಣ ಅಂಚಿನ ಪಕ್ಕ ಒಂದು ಸಾಲು ಹೊಲಿಗೆ ಹಾಕಿಬಿಡಬೇಕು. ಮೆಷಿನ್ ಸೂಜಿ ತೆಳುವಾದ 70 ನಂಬರಿನದ್ದು ಇರಲಿ. ಪಾಪ್ಲಿನ್‌ಗೆ 80 ಸಾಕು. ಒದ್ದೆಯಾದಾಗ ರೇಯಾನ್ ನೂಲಿನ ಬಲ ಕಮ್ಮಿ, ಜೋರಾಗಿ ಹಿಂಡಬೇಡಿ.

ಎರಡೂ ಕುಗ್ಗುತ್ತವೆ. 3 ಮೀಟರ್ ಬಟ್ಟೆ ಶೇ 5ರಷ್ಟು ಕುಗ್ಗಿದರೆ 15 ಸೆಂಟಿಮೀಟರ್ ಹೋಯ್ತು. ಸ್ವಲ್ಪ ಜಾಸ್ತಿಯೇ ತಂದು, ಒಗೆದು, ಆಮೇಲೆ ಕತ್ತರಿಸಿ.

ಕಾಲರ್, ಜೇಬು ಇರುವ ಅಂಗಿಗೆ ಕಾಟನ್ನೇ ಸರಿ. ನೆರಿಗೆ ಲಂಗ ಹೊಲಿಯುವ ಆಸೆಯಿದ್ದರೆ ರೇಯಾನ್ ತನ್ನಿ, ಜೊತೆಗೆ ಗುಂಡುಪಿನ್ನೂ ಧಾರಾಳವಾಗಿ ತನ್ನಿ.